ಮಧುಸೂದನ ತರಿಸಿದ್ದೇನು? ಹಾಡಿನ ಸಾಲು ಕಿವಿಯೊಳಗೆ ಬೇರೆಯಾಗುವ ಬಗೆ

‘ರಾಘವ ಮಧುಸೂದನರವತರಿಸಿದ ಭಾರತ ಜನನಿಯ ತನುಜಾತೆ.’ ನಾಡಗೀತೆಯ ಈ ಸಾಲನ್ನು ಪುಸ್ತಕ ಹಿಡಿದು ಓದಿದರೆ ಗೊಂದಲವೇನೂ ಇಲ್ಲ. ರಾಮನೂ ಕೃಷ್ಣನೂ ಅವತಾರವೆತ್ತಿದ ನೆಲ ಭಾರತ, ಆ ತಾಯಿಯ ಮಗಳು ನಮ್ಮ ಕರ್ನಾಟಕ. ಈಗ ಪುಸ್ತಕ ಮುಚ್ಚಿ. ಶಾಲೆಯ ಅಂಗಳದಲ್ಲಿ ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತು, ದೊಡ್ಡ ತರಗತಿಯವರು ಹಾಡಿದ್ದನ್ನು ಬರೀ ಕಿವಿಯಿಂದಲೇ ಕಲಿಯುತ್ತಿರುವ ಆರೇಳು ವರ್ಷದ ಮಗುವಿನ ಪಕ್ಕ ನಿಂತು ಕೇಳಿ. ಮಧುಸೂದನ, ರವ, ತರಿಸಿದ. ಉಪ್ಪಿಟ್ಟಿಗೆ ಹಾಕುವ ರವೆ ಮಗುವಿಗೆ ಗೊತ್ತು. ಅಂಗಡಿಯಿಂದ ಸಾಮಾನು ತರಿಸುವುದೂ ಗೊತ್ತು. ಗೊತ್ತಿಲ್ಲದಿರುವುದು ಅವತರಿಸುವುದು ಮಾತ್ರ. ಹೀಗಾಗಿ ಮಧುಸೂದನ ರವೆ ತರಿಸಿದ ಎಂಬ ಅರ್ಥ ತಾನಾಗಿಯೇ ಒದಗಿಬರುತ್ತದೆ. ಅದರಲ್ಲಿ ವ್ಯಾಕರಣದೋಷ ಹುಡುಕಿದರೂ ಸಿಗುವುದಿಲ್ಲ.

ಇದೇ ಗೀತೆಯಲ್ಲಿ ಇನ್ನೂ ಇಂಥ ಜಾಗಗಳಿವೆ. ‘ಜನನಿಗೆ ಜೀವವು ನಿನ್ನಾವೇಶ’ ಎಂಬಲ್ಲಿ ಆವೇಶ ತಿಳಿಯದ ಮಗುವಿಗೆ ‘ನಿನ್ನ ವೇಷ’ ಕೇಳುತ್ತದೆ. ‘ಕಪಿಲ ಪತಂಜಲ’ ಎಂಬಲ್ಲಿ ನಮ್ಮ ಊರುಕೇರಿಯ ಬಸಪ್ಪ, ಮಲ್ಲಪ್ಪರ ಸಾಲಿಗೆ ಸೇರಬಹುದಾದ ಕಪಿಲಪ್ಪನೊಬ್ಬ ಹುಟ್ಟಿಕೊಳ್ಳುತ್ತಾನೆ. ‘ಹಸುರಿನ ಗಿರಿಗಳ ಸಾಲೇ’ ಎಂದಾಗ, ಶಾಲೆಗೆ ‘ಸಾಲಿ’ ಎನ್ನುವ ಧಾರವಾಡದ ಕಡೆಯ ಮಗು ಬೆಟ್ಟಗಳಿಗೊಂದು ಸಾಲಿ ಇದೆ ಎಂದುಕೊಂಡರೆ ಆಶ್ಚರ್ಯವಿಲ್ಲ.

ಇಂಥವನ್ನು ಕೇಳಿ ನಾವು ನಗುತ್ತೇವೆ, ನಗಬೇಕಾದ್ದೇ. ಆದರೆ ಮಗು ಸರಿಯಾಗಿ ಗಮನ ಕೊಡಲಿಲ್ಲ ಎಂದು ತೀರ್ಮಾನಿಸಿದರೆ ಮಾತ್ರ ವಿಷಯ ಪೂರ್ತಿ ತಪ್ಪಿಹೋಗುತ್ತದೆ. ಮಗು ಬೇಕಾದಷ್ಟು ಗಮನ ಕೊಟ್ಟಿದೆ. ನೀವು ನಾವು ಪ್ರತಿದಿನ ಮಾತು ಕೇಳಿಸಿಕೊಳ್ಳುವಾಗ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಆ ಕೆಲಸ ಎಷ್ಟು ಕಷ್ಟದ್ದು ಎಂಬುದು, ಅದು ಕೈಕೊಟ್ಟಾಗ ಮಾತ್ರ ನಮ್ಮ ಗಮನಕ್ಕೆ ಬರುತ್ತದೆ.

ಬರವಣಿಗೆಯಲ್ಲಿ ಪದ ಪದಕ್ಕೂ ನಡುವೆ ಜಾಗ ಬಿಡುತ್ತೇವೆ. ಮಾತಿನಲ್ಲಿ ಆ ಜಾಗ ಇರುವುದೇ ಇಲ್ಲ. ‘ಅಕ್ಕ ಅಪ್ಪನ ಜೊತೆ ಹೋದಳು’ ಎಂದು ಎಂದಿನ ವೇಗದಲ್ಲಿ ಹೇಳಿ, ಅದನ್ನು ಧ್ವನಿಯ ಚಿತ್ರವಾಗಿಸಿ ಕಂಪ್ಯೂಟರಿನಲ್ಲಿ ನೋಡಿದರೆ ಮೌನದ ತುಣುಕುಗಳೇನೋ ಕಾಣುತ್ತವೆ. ಆದರೆ ಅವು ‘ಅಕ್ಕ’, ‘ಅಪ್ಪ’ಗಳ ನಡುವೆ ಇರುವುದಿಲ್ಲ. ‘ಕ್ಕ’ ಎನ್ನುವಾಗ ನಾಲಿಗೆಯ ಹಿಂಭಾಗ ಉಸಿರನ್ನು ತಡೆಯುತ್ತದೆ, ‘ಪ್ಪ’ ಎನ್ನುವಾಗ ತುಟಿ ತಡೆಯುತ್ತದೆ. ಮೌನವಿರುವುದು ಅಲ್ಲಿ, ಪದದ ಹೊಟ್ಟೆಯೊಳಗೆ. ಎರಡು ಪದ ಸೇರುವ ಕಡೆ ಧ್ವನಿ ಒಂದೇ ಸಮನೆ ಹರಿಯುತ್ತದೆ. ಪದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂಬುದು ಹೊರಗಿನ ಶಬ್ದದಲ್ಲಿಲ್ಲ, ಕೇಳುವವರ ತಲೆಯೊಳಗೆ ತೀರ್ಮಾನವಾಗುವ ಸಂಗತಿ. ಗೊತ್ತಿಲ್ಲದ ಭಾಷೆಯವರು ಬಹಳ ಬೇಗ ಬೇಗ ಮಾತಾಡುತ್ತಾರೆ ಅನ್ನಿಸುವುದೂ ಬಹುಮಟ್ಟಿಗೆ ಇದಕ್ಕೇ. ಎಲ್ಲಿ ತುಂಡು ಮಾಡಬೇಕೆಂದು ನಮಗೆ ತಿಳಿದಿರುವುದಿಲ್ಲ.

ಈ ತುಂಡು ಮಾಡುವ ವಿದ್ಯೆಯನ್ನು ನಾವು ಹಾಲು ಕುಡಿಯುವ ವಯಸ್ಸಿನಲ್ಲೇ ಕಲಿಯುತ್ತೇವೆ. ಅಮೆರಿಕದ ಸಂಶೋಧಕರಾದ ಜೆನ್ನಿ ಸಫ್ರಾನ್, ರಿಚರ್ಡ್ ಆಸ್ಲಿನ್ ಮತ್ತು ಎಲಿಸಾ ನ್ಯೂಪೋರ್ಟ್ 1996ರಲ್ಲಿ ಎಂಟು ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಉಚ್ಚಾರಗಳ ಸರಮಾಲೆಯನ್ನು ಕೇಳಿಸಿದರು. ನಡುವೆ ತಡೆಯಿಲ್ಲ, ಏರಿಳಿತವಿಲ್ಲ. ಅದರೊಳಗೆ ಕೆಲವು ಉಚ್ಚಾರಗಳು ಮಾತ್ರ ಯಾವಾಗಲೂ ಒಂದರ ಹಿಂದೊಂದು ಬರುತ್ತಿದ್ದವು. ಕೇವಲ ಎರಡು ನಿಮಿಷ ಕೇಳಿದ ಮೇಲೆ ಕೂಸುಗಳು ಒಟ್ಟೊಟ್ಟಿಗೆ ಬರುವ ಗುಂಪುಗಳನ್ನೂ ಹಾಗಲ್ಲದವನ್ನೂ ಬೇರೆ ಬೇರೆಯಾಗಿ ಗುರುತಿಸಿದವು. ಯಾವುದರ ಹಿಂದೆ ಯಾವುದು ಬರುತ್ತದೆ ಎಂಬ ಲೆಕ್ಕವನ್ನು ಮಾತು ಬರುವ ಮೊದಲೇ ಕಿವಿ ಇಟ್ಟುಕೊಳ್ಳುತ್ತದೆ ಎಂದಾಯಿತು. ನನಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿಲ್ಲ.

ಲೆಕ್ಕ ಎಂದ ಮೇಲೆ ಅಂದಾಜು ಇದ್ದೇ ಇದೆ, ಅಂದಾಜು ತಪ್ಪುವುದೂ ಇದೆ. ಆದರೆ ಅದು ಮನಬಂದಂತೆ ತಪ್ಪುವುದಿಲ್ಲ. ಆನ್ ಕಟ್ಲರ್ ಮತ್ತು ಸ್ಯಾಲಿ ಬಟರ್‌ಫೀಲ್ಡ್ ಎಂಬ ಸಂಶೋಧಕರು 1992ರಲ್ಲಿ ಇಂಗ್ಲಿಷ್ ಬಲ್ಲವರಿಗೆ ತೀರಾ ಮೆಲ್ಲನೆಯ ದನಿಯಲ್ಲಿ ಪದಗಳ ಸಾಲುಗಳನ್ನು ಕೇಳಿಸಿ, ಏನು ಕೇಳಿತು ಬರೆಯಿರಿ ಎಂದರು. ‘ಕಂಡಕ್ಟ್ ಅಸೆಂಟ್ಸ್ ಅಪ್‌ಹಿಲ್’ ಎಂಬುದು, ಅಂದರೆ ಬೆಟ್ಟ ಹತ್ತಿಸುವ ಮಾತು, ಡಾಕ್ಟರು ಬಿಲ್ ಕಳಿಸುತ್ತಾರೆ, ‘ದ ಡಾಕ್ಟರ್ ಸೆಂಡ್ಸ್ ಹರ್ ಬಿಲ್’, ಎಂಬ ವಾಕ್ಯವಾಗಿ ಕಾಗದದ ಮೇಲೆ ಬಂತು. ಇಂಗ್ಲಿಷಿನಲ್ಲಿ ಹೆಚ್ಚಿನ ಪದಗಳು ಒತ್ತಿ ಹೇಳುವ ಉಚ್ಚಾರದಿಂದ ಶುರುವಾಗುತ್ತವೆ. ಹಾಗಾಗಿ ಅಲ್ಲಿಯ ಕಿವಿ ಒತ್ತು ಕೇಳಿದಲ್ಲೆಲ್ಲ ಹೊಸ ಪದ ಬಂತೆಂದು ಗೆರೆ ಎಳೆಯುತ್ತದೆ. ಭಾಷೆಯ ಸ್ವಭಾವ ಯಾವುದೋ ಅದರ ದಾರಿಯಲ್ಲೇ ಕೇಳುವ ತಪ್ಪೂ ನಡೆಯುತ್ತದೆ.

ಹಾಗಾದರೆ ಕನ್ನಡದ ಕಿವಿ ಎಲ್ಲಿ ಗೆರೆ ಎಳೆಯುತ್ತದೆ? ಒತ್ತು ನಮ್ಮಲ್ಲಿ ಅಷ್ಟು ಮುಖ್ಯವಲ್ಲ. ಹಾಡಿನಲ್ಲಂತೂ ಆ ಕೆಲಸವನ್ನು ತಾಳ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಹೈಸ್ಕೂಲಿನ ಕನ್ನಡ ಪರೀಕ್ಷೆಗೆ ಪ್ರಸ್ತಾರ ಹಾಕಿದ ನೆನಪಿದ್ದರೆ ನಾಡಗೀತೆಯ ಆ ಸಾಲಿಗೂ ಹಾಕಿ ನೋಡಿ. ನಾಲ್ಕು ನಾಲ್ಕು ಮಾತ್ರೆಯ ಗಣಗಳು:

ರಾಘವ | ಮಧುಸೂ | ದನರವ | ತರಿಸಿದ

ಮೂರನೆಯ ಗಣ ‘ರವ’ಕ್ಕೆ ಬಂದು ನಿಲ್ಲುತ್ತದೆ, ನಾಲ್ಕನೆಯದು ‘ತರಿಸಿದ’ ಎಂದೇ ಶುರುವಾಗುತ್ತದೆ. ವ್ಯಾಕರಣದ ಪ್ರಕಾರ ಕತ್ತರಿಸಬೇಕಾದದ್ದು ‘ಮಧುಸೂದನರ್’ ಆದ ಮೇಲೆ, ತಾಳ ಕತ್ತರಿಸುವುದು ಎರಡು ಅಕ್ಷರ ದಾಟಿ. ಮಗು ಕೇಳಿದ್ದು ತಾಳವನ್ನು, ತಾಳಕ್ಕೆ ಸರಿಯಾಗಿಯೇ ಕೇಳಿದೆ. ಮತ್ತೊಂದು ಸಾಲು:

ಜನನಿಗೆ | ಜೀವವು | ನಿನ್ನಾ | ವೇಶ

ಇಲ್ಲಿ ಗೆರೆ ಬಿದ್ದದ್ದು ‘ನಿನ್ನಾ’ ಆದ ಮೇಲೆ. ಮಾತಿನಲ್ಲಿ ಶಕಾರ ಷಕಾರಗಳನ್ನು ನಾವು ಹೆಚ್ಚಾಗಿ ಒಂದೇ ಥರ ಉಚ್ಚರಿಸುವುದರಿಂದ ಉಳಿದದ್ದು ‘ವೇಷ’ವೇ ಆಗುತ್ತದೆ. ‘ಕಪಿಲ ಪ | ತಂಜಲ’ ಎಂಬಲ್ಲೂ ಅಷ್ಟೇ. ಪತಂಜಲಿಯ ಮೊದಲ ಅಕ್ಷರ ಹಿಂದಿನ ಗಣಕ್ಕೆ ಸೇರಿ ಕಪಿಲನಿಗೆ ಅಂಟಿಕೊಂಡಿತು, ಕಪಿಲಪ್ಪನ ಗುಟ್ಟು ಬಯಲಾಯಿತು. ಮೊದಲ ಸಾಲು ‘ಜಯ ಭಾ | ರತ ಜನ | ನಿಯ ತನು | ಜಾತೆ’ ಎಂದು ನಡೆಯುತ್ತದೆ. ಒಂದು ಗೆರೆಯೂ ಪದದ ಗಡಿಯ ಮೇಲೆ ಬಿದ್ದಿಲ್ಲ. ‘ಭಾರತ’, ‘ಜನನಿ’ ಮೊದಲೇ ಪರಿಚಿತವಾದ್ದರಿಂದ ಅಲ್ಲಿ ಯಾರೂ ಎಡವುವುದಿಲ್ಲ. ಗೆರೆ ಅಡ್ಡಾದಿಡ್ಡಿಯಾಗಿದ್ದು, ಪದವೂ ಅಪರಿಚಿತವಾಗಿದ್ದರೆ ಮಾತ್ರ ಹೊಸ ಅರ್ಥ ಹುಟ್ಟುತ್ತದೆ. ಈ ಎರಡೂ ಕೂಡಿದ ಜಾಗವನ್ನು ಹುಡುಕುತ್ತಾ ಹೋದರೆ, ಯಾವ ಹಾಡಿನಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಮುಂಚಿತವಾಗಿಯೇ ಬೆರಳಿಟ್ಟು ತೋರಿಸಬಹುದು.

ಸಂಧಿ ಇದಕ್ಕೆ ಇನ್ನಷ್ಟು ಒತ್ತಾಸೆ ಕೊಡುತ್ತದೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಮುಂದಿನ ಪದವೂ ಸ್ವರದಿಂದ ಶುರುವಾದರೆ ಒಂದು ಸ್ವರ ಲೋಪವಾಗುತ್ತದೆ, ಇಲ್ಲವೇ ನಡುವೆ ಯಕಾರವೋ ವಕಾರವೋ ಬಂದು ಕೂರುತ್ತದೆ. ‘ಮಧುಸೂದನರು’ ಮತ್ತು ‘ಅವತರಿಸಿದ’ ಬೇರೆ ಬೇರೆ ನಿಂತಾಗ ಅನುಮಾನಕ್ಕೆ ಎಡೆಯಿಲ್ಲ. ಕೂಡಿದೊಡನೆ ಉಕಾರ ಹೋಯಿತು, ಜೊತೆಗೆ ‘ಅವತರಿಸಿದ’ ಎಂಬುದರ ಮುಖವೂ ಮರೆಯಾಯಿತು.

ಹಾಡುವ ದನಿಯೇ ಮಾಡುವ ಬದಲಾವಣೆಗಳೂ ಇವೆ. ಕನ್ನಡದಲ್ಲಿ ಹ್ರಸ್ವ, ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ: ಬಳೆ, ಬಾಳೆ, ಮರಿ, ಮಾರಿ, ಕಡು, ಕಾಡು. ಮಾತಿನಲ್ಲಿ ಈ ವ್ಯತ್ಯಾಸವನ್ನು ಉಚ್ಚಾರದ ಉದ್ದದಿಂದಲೇ ಗುರುತಿಸುತ್ತೇವೆ. ರಾಗಕ್ಕೆ ಬಿದ್ದ ಕೂಡಲೇ ಉದ್ದವನ್ನು ತೀರ್ಮಾನಿಸುವವರು ಸಂಗೀತ ನಿರ್ದೇಶಕರು. ಪಲ್ಲವಿಯ ಕೊನೆಯಲ್ಲಿ ‘ಬಳೆ’ಯ ಬಕಾರವನ್ನು ನಾಲ್ಕು ಎಣಿಕೆ ಎಳೆದರೆ, ನಾಯಕಿಯ ಕೈಯಲ್ಲಿದ್ದದ್ದು ಬಳೆಯೋ ಬಾಳೆಯೋ ಎಂದು ಹೇಳಲು ಕಿವಿಗೆ ಆಧಾರವೇ ಉಳಿಯುವುದಿಲ್ಲ. ಹಿಂದೆ ಮುಂದೆ ಇರುವ ಪದಗಳನ್ನು ನೋಡಿ ಊಹಿಸಬೇಕು.

ದನಿ ಮೇಲಕ್ಕೇರಿದರೆ ಸ್ವರಗಳೇ ಕಲಸಿಹೋಗುತ್ತವೆ. ಇ, ಎ, ಆ ಎಂದು ನಾವು ಬೇರ್ಪಡಿಸುವುದು ಬಾಯಿ ಗಂಟಲುಗಳ ಪೊಳ್ಳು ಯಾವ ಕಂಪನಗಳನ್ನು ಎತ್ತಿಕೊಡುತ್ತದೆ ಎಂಬುದರಿಂದ. ‘ಇ’ಕಾರದಲ್ಲಿ ಹೀಗೆ ಎತ್ತಿಕೊಡುವ ಕಂಪನಗಳ ಪೈಕಿ ಎಲ್ಲಕ್ಕಿಂತ ಕೆಳಗಿನದು ಸುಮಾರು 300ರಿಂದ 400 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಐದೂವರೆ ಮನೆ ಶ್ರುತಿಯಲ್ಲಿ ಹಾಡುವ ಗಾಯಕಿ ತಾರಸ್ಥಾಯಿಯ ಷಡ್ಜ ಮುಟ್ಟಿದಾಗ ಆಕೆಯ ದನಿಯ ಮೂಲ ಕಂಪನವೇ ಸುಮಾರು 415 ಹರ್ಟ್ಸ್, ಮೇಲಿನ ಪಂಚಮಕ್ಕೆ ಹೋದರೆ 620ರ ಮೇಲೆ. ಅದಕ್ಕಿಂತ ಕೆಳಗೆ ಶಬ್ದವೇ ಇಲ್ಲವಾದ್ದರಿಂದ ‘ಇ’ಕಾರವನ್ನು ‘ಇ’ಕಾರ ಎಂದು ತೋರಿಸುವ ಗುರುತು ಅಳಿಸಿಹೋಗುತ್ತದೆ. ಎಷ್ಟೇ ಶುದ್ಧ ಉಚ್ಚಾರದ ಗಾಯಕಿಯಾದರೂ ಮೇಲಿನ ಸ್ವರಗಳಲ್ಲಿ ಪದ ಹಿಡಿಯುವುದು ಕಷ್ಟವಾಗುವುದು ಈ ಕಾರಣಕ್ಕೆ. ಅದನ್ನು ಆಕೆಯ ಉಚ್ಚಾರದ ತಪ್ಪೆಂದು ದೂರುವುದು ನ್ಯಾಯವಲ್ಲ.

ತಬಲಾ, ಡ್ರಮ್ಸ್, ಪಿಟೀಲಿನ ತಂಡ ನುಂಗಿಹಾಕುವ ಅಕ್ಷರಗಳು ಬೇರೆ. ಅಕ್ಷರ ಕಾಣೆಯಾದರೂ ಅದು ಕಾಣೆಯಾಗಿದೆ ಎಂಬ ಅರಿವು ನಮಗಾಗುವುದಿಲ್ಲ. ರಿಚರ್ಡ್ ವಾರನ್ ಎಂಬ ವಿಜ್ಞಾನಿ 1970ರಲ್ಲಿ ಧ್ವನಿಮುದ್ರಿತ ವಾಕ್ಯವೊಂದರ ಒಂದೇ ಒಂದು ಅಕ್ಷರದ ಧ್ವನಿಯನ್ನು ಪೂರ್ತಿ ಕತ್ತರಿಸಿ ತೆಗೆದು, ಆ ಜಾಗಕ್ಕೆ ಕೆಮ್ಮಿನ ಸದ್ದನ್ನು ಇಟ್ಟರು. ಕೇಳಿದವರಿಗೆ ಕೆಮ್ಮೂ ಕೇಳಿತು, ಇಲ್ಲದ ಅಕ್ಷರವೂ ಕೇಳಿತು. ಕೆಮ್ಮು ಯಾವ ಅಕ್ಷರದ ಮೇಲೆ ಬಿತ್ತು ಎಂದು ನಿಖರವಾಗಿ ತೋರಿಸಲೂ ಅವರಿಗೆ ಆಗಲಿಲ್ಲ. ಮಿದುಳು ತುಂಬಿಕೊಟ್ಟದ್ದೂ ಕಿವಿಗೆ ಬಿದ್ದದ್ದೂ ಅನುಭವದಲ್ಲಿ ಒಂದೇ. ‘ನನಗೆ ಹಾಗೇ ಕೇಳಿಸಿತು’ ಎಂದು ಪಟ್ಟು ಹಿಡಿಯುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ಕೇಳಿಸಿದೆ.

ಕನ್ನಡದವರು ಈ ತೊಡಕನ್ನು ಬಹಳ ಹಿಂದೆಯೇ ಕಂಡುಕೊಂಡು ಅದಕ್ಕೆ ಒಂದು ಪರಿಹಾರವನ್ನೂ ಕಟ್ಟಿದ್ದಾರೆ. ಕುಮಾರವ್ಯಾಸಭಾರತದ ಮೊದಲ ಪದ್ಯ ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ

‘ರಾಜೀವಪೀಠ’ ಎಂದರೆ ತಾವರೆಯ ಮೇಲೆ ಕುಳಿತ ಬ್ರಹ್ಮ. ‘ರಾ’ ಒಂದು ಸಾಲಿಗೆ ಹೋಯಿತು, ‘ಜೀವ’ ಮುಂದಿನ ಸಾಲಿಗೆ. ‘ಅತಿಪಾವನ’ವೂ ಹಾಗೇ ಸಾಲಿನ ತುದಿಯಲ್ಲಿ ಎರಡಾಗಿದೆ. ಇದೇ ಪದ್ಯದಲ್ಲಿ ಮುಂದೆ ‘ಶ್ರವಣ ಸು’ ಎಂದು ಒಂದು ಸಾಲು ನಿಂತು, ‘ಧಾ’ ಎಂದು ಮುಂದಿನದು ಏಳುತ್ತದೆ. ಸುಧೆಯೇ ಎರಡು ಸಾಲಿಗೆ ಹಂಚಿಹೋಗಿದೆ. ಭಾಮಿನಿ ಷಟ್ಪದಿಯ ಓಟವೇ ಹಾಗೆ, ಸಾಲು ಮುಗಿಯಿತೆಂದು ಪದ ಮುಗಿಯಬೇಕಿಲ್ಲ. ಇದನ್ನು ಸಾಲಿಗೊಮ್ಮೆ ನಿಲ್ಲಿಸಿ ಹಾಡಿದರೆ, ಕೇಳುವವರಿಗೆ ತಾವರೆ ಹೋಗಿ ಯಾವುದೋ ಜೀವದ ಪೀಠ ಸಿಗುತ್ತದೆ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಯ ವಿದ್ಯೆ ಇರುವುದು ಇಲ್ಲೇ. ರಾಗ ಬಿಡದೆ, ಪದ ಒಡೆಯದೆ, ಉಸಿರನ್ನು ‘ರಾಜೀವ’ದ ಆಚೆಗೆ ದಾಟಿಸಿ, ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲುವುದು. ಇಷ್ಟಾದರೂ ಸಾಲದು ಎಂದು ಪಕ್ಕದಲ್ಲೇ ವ್ಯಾಖ್ಯಾನಕಾರರು ಕೂರುತ್ತಾರೆ. ಗಮಕಿ ವಾಚಿಸಿದ್ದನ್ನು ಅವರು ಬಿಡಿಸಿ ಹೇಳುತ್ತಾರೆ, ಆಮೇಲೆ ಮುಂದಿನ ಪದ್ಯ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಈ ಕಲೆಗೇ ಹೆಸರಾದ ಊರು. ಅಲ್ಲಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ಪದ ಒಡೆಯದಂತೆ ಹಾಡುವುದನ್ನೇ ಒಂದು ಕಲೆಯಾಗಿ ಬೆಳೆಸಿದ್ದು ನಮ್ಮ ನಾಡಿನ ದೊಡ್ಡ ಹೆಮ್ಮೆ ಎಂದು ನಾನು ತಿಳಿದಿದ್ದೇನೆ. ಶಾಲೆಗಳಲ್ಲಿ ನಾಡಗೀತೆ ಕಲಿಸುವಾಗಲೂ ಒಂದು ದಿನ ರಾಗ ಬದಿಗಿಟ್ಟು ಪದ ಬಿಡಿಸಿ ಹೇಳಿಕೊಟ್ಟರೆ ಮಕ್ಕಳಿಗೆ ಎಷ್ಟೋ ಉಪಕಾರವಾಗುತ್ತದೆ.

ಹೀಗೆ ತಪ್ಪಾಗಿ ಕೇಳಿದ ಸಾಲುಗಳಿಗೆ ಇಂಗ್ಲಿಷಿನಲ್ಲಿ ‘ಮಾಂಡಗ್ರೀನ್’ ಎಂಬ ಹೆಸರಿದೆ. ಅದರ ಹಿಂದಿನ ಕಥೆ ಚೆನ್ನಾಗಿದೆ. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಚಿಕ್ಕವಳಿದ್ದಾಗ ತಾಯಿ ಆಕೆಗೆ ಹಳೆಯ ಸ್ಕಾಟಿಷ್ ಲಾವಣಿಯೊಂದನ್ನು ಓದಿ ಹೇಳುತ್ತಿದ್ದಳು. 1592ರಲ್ಲಿ ಕೊಲೆಯಾದ ಮರ್ರೇ ಎಂಬ ಸರದಾರನ ಮೇಲಿನ ಶೋಕಗೀತೆ ಅದು. ಅವನನ್ನು ಕೊಂದು ಹಸಿರು ಹುಲ್ಲಿನ ಮೇಲೆ ಮಲಗಿಸಿದರು, ‘ಲೇಡ್ ಹಿಮ್ ಆನ್ ದ ಗ್ರೀನ್’, ಎಂಬ ಸಾಲನ್ನು ಆಕೆ ‘ಲೇಡಿ ಮಾಂಡಗ್ರೀನ್’ ಎಂದು ಕೇಳಿಸಿಕೊಂಡಳು. ಸರದಾರನ ಜೊತೆಗೇ ಪ್ರಾಣ ಬಿಟ್ಟ ಒಬ್ಬ ಸುಂದರಿ ಆಕೆಯ ಮನಸ್ಸಿನಲ್ಲಿ ವರ್ಷಗಟ್ಟಲೆ ಬದುಕಿದ್ದಳು. 1954ರ ನವೆಂಬರಿನಲ್ಲಿ ‘ಹಾರ್ಪರ್ಸ್’ ಪತ್ರಿಕೆಗೆ ಬರೆದ ಪ್ರಬಂಧದಲ್ಲಿ ರೈಟ್ ಇದನ್ನೆಲ್ಲ ಹೇಳಿಕೊಂಡು, ಇಂಥ ಸಾಲುಗಳಿಗೆ ಆ ಸುಂದರಿಯ ಹೆಸರನ್ನೇ ಇಟ್ಟರು. ತಪ್ಪಾಗಿ ಕೇಳಿದ್ದು ಮೂಲಕ್ಕಿಂತ ಚೆನ್ನಾಗಿದೆ ಎನ್ನುವುದು ಆಕೆಯ ವಾದ. 2008ರಲ್ಲಿ ಈ ಪದ ಮೆರಿಯಮ್ ವೆಬ್‌ಸ್ಟರ್ ನಿಘಂಟಿಗೂ ಸೇರಿತು.

ಲೇಡಿ ಮಾಂಡಗ್ರೀನ್, ಕಪಿಲಪ್ಪ. ಇಬ್ಬರೂ ವ್ಯಕ್ತಿಗಳು ಎಂಬುದನ್ನು ಗಮನಿಸಿ. ‘ಗ್ಲ್ಯಾಡ್ಲಿ ದ ಕ್ರಾಸ್ ಐಡ್ ಬೇರ್’ ಎಂಬ ಕ್ರೈಸ್ತ ಸ್ತೋತ್ರದ ಸಾಲಿನಿಂದ, ಅಂದರೆ ಶಿಲುಬೆಯನ್ನು ಸಂತೋಷದಿಂದ ಹೊರುತ್ತೇನೆ ಎಂಬ ಮಾತಿನಿಂದ, ಗ್ಲ್ಯಾಡ್ಲಿ ಎಂಬ ಹೆಸರಿನ ಮೆಳ್ಳೆಗಣ್ಣಿನ ಕರಡಿಯೊಂದು ಹುಟ್ಟಿ ಇಂಗ್ಲಿಷ್ ಮಾತಾಡುವ ಮಕ್ಕಳ ನಡುವೆ ಓಡಾಡಿಕೊಂಡಿದೆ. ಅರ್ಥವಾಗದ ಶಬ್ದದ ತುಂಡೊಂದು ಉಳಿದುಬಿಟ್ಟರೆ ಅದನ್ನು ಹೆಸರೆಂದು ತಿಳಿಯುವುದೇ ಕಿವಿಗೆ ಸುಲಭ. ಹೆಸರಿಗೆ ಅರ್ಥ ಬೇಕಿಲ್ಲ, ಅದು ಯಾವ ಶಬ್ದವಾದರೂ ಆಗಬಹುದು. ಹೆಸರು ಸಿಕ್ಕ ಮೇಲೆ ಆಳು ಬೇಕು, ಆಳು ಬಂದ ಮೇಲೆ ಕಥೆ ಬೇಕು. ಮಕ್ಕಳ ತಪ್ಪು ಕೇಳಿಕೆಗಳು ಅಷ್ಟು ಸೊಗಸಾಗಿರುವುದಕ್ಕೆ ನನಗೆ ಕಾಣುವ ಕಾರಣ ಇದು.

ದೊಡ್ಡವರಿಗೆ ಕೇಳುವುದು ದಿನಬಳಕೆಯ ಸಾಮಾನುಗಳು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ 1969ರ ಹಾಡಿನಲ್ಲಿ ಅಪಶಕುನದ ಚಂದ್ರ ಏಳುತ್ತಿದ್ದಾನೆ, ‘ಬ್ಯಾಡ್ ಮೂನ್ ಆನ್ ದ ರೈಸ್’, ಎಂದು ಬರುತ್ತದೆ. ಎಷ್ಟೋ ಜನಕ್ಕೆ ಅದು ‘ಬಾತ್‌ರೂಮ್ ಆನ್ ದ ರೈಟ್’ ಎಂದು ಕೇಳಿಸಿತು. ಬಲಗಡೆಗೆ ಬಚ್ಚಲಿದೆ! ಹಾಡಿದ ಜಾನ್ ಫೋಗರ್ಟಿ ಕಛೇರಿಗಳಲ್ಲಿ ಬೇಕೆಂದೇ ಬಚ್ಚಲಿನ ಸಾಲನ್ನು ಹಾಡಿ ಜನರನ್ನು ನಗಿಸಿದ್ದುಂಟು. ಜಿಮಿ ಹೆಂಡ್ರಿಕ್ಸ್ 1967ರಲ್ಲಿ ಆಕಾಶಕ್ಕೆ ಮುತ್ತಿಡುತ್ತೇನೆ, ‘ಕಿಸ್ ದ ಸ್ಕೈ’, ಎಂದು ಹಾಡಿದ್ದು ‘ಕಿಸ್ ದಿಸ್ ಗೈ’, ಅಂದರೆ ಈ ಹುಡುಗನಿಗೆ ಮುತ್ತಿಡುತ್ತೇನೆ ಎಂದಾಯಿತು. ಬಚ್ಚಲು, ಹುಡುಗ, ರವೆ. ದಿನಕ್ಕೆ ಹತ್ತು ಸಲ ಕೇಳುವ ಪದ ಒಂದು ಕಡೆ, ವರ್ಷಕ್ಕೊಮ್ಮೆ ಕೇಳುವ ಪದ ಇನ್ನೊಂದು ಕಡೆ ಇದ್ದರೆ ಮಿದುಳು ಮೊದಲನೆಯದನ್ನೇ ಆರಿಸುತ್ತದೆ. ಮಾತಿನಲ್ಲಿ ಈ ಆಯ್ಕೆ ಬಹುತೇಕ ಸರಿಯಾಗುತ್ತದೆ. ಕವಿಗಳು ಆಕಾಶಕ್ಕೆ ಮುತ್ತಿಡುವುದರಿಂದ ಹಾಡಿನಲ್ಲಿ ಕೆಡುತ್ತದೆ.

ಭಾಷೆಯೇ ಗೊತ್ತಿಲ್ಲದಿದ್ದರೆ? ಆಗಲೂ ಕಿವಿ ಸುಮ್ಮನಿರುವುದಿಲ್ಲ, ತನ್ನ ಭಾಷೆಯ ಪದಗಳನ್ನು ಹುಡುಕುತ್ತದೆ. ರಾಷ್ಟ್ರಗೀತೆಯ ‘ತವ ಶುಭ ನಾಮೇ ಜಾಗೇ, ತವ ಶುಭ ಆಶಿಷ ಮಾಗೇ’ ಎಂಬಲ್ಲಿ ಎಚ್ಚರಗೊಳ್ಳುವುದು, ಬೇಡುವುದು ಎಂಬ ಅರ್ಥಗಳಿವೆ. ಕನ್ನಡ ಮಗುವಿಗೆ ಗೊತ್ತಿರುವುದು ಕೂರುವ ಜಾಗ ಮತ್ತು ಮಾಗುವ ಹಣ್ಣು.

ಇದರ ಬಹು ಪ್ರಸಿದ್ಧ ನಿದರ್ಶನದಲ್ಲಿ ಮೈಸೂರಿನಲ್ಲಿ ಹುಟ್ಟಿದ, ಮೂಗೂರು ಸುಂದರ್ ಅವರ ಮಗ ಪ್ರಭುದೇವ ಇದ್ದಾರೆ. 2000ದಲ್ಲಿ ಬಂದ ತಮಿಳು ಚಿತ್ರ ‘ಪೆಣ್ಣಿನ್ ಮನದೈ ತೊಟ್ಟು’ವಿನಲ್ಲಿ ಅವರೂ ಜಯಾ ಸೀಲ್ ಅವರೂ ಕುಣಿದ ಹಾಡು ‘ಕಲ್ಲೂರಿ ವಾನಿಲ್ ಕಾಯ್ಂದ ನಿಲಾವೋ’ ಎಂದು ಶುರುವಾಗುತ್ತದೆ. ಕಾಲೇಜಿನ ಬಾನಿನಲ್ಲಿ ಬೆಳಗಿದ ಚಂದಿರನೋ ಎಂಬ ಭಾವ. 2007ರಲ್ಲಿ ಬಫಲ್ಯಾಕ್ಸ್ ಎಂಬ ಹೆಸರಿನ ಅಮೆರಿಕದ ಯೂಟ್ಯೂಬ್ ಬಳಕೆದಾರನೊಬ್ಬ ತನಗೆ ಇಂಗ್ಲಿಷಿನಲ್ಲಿ ಕೇಳಿಸಿದ ಹಾಗೆ ಅದಕ್ಕೆ ಸಬ್‌ಟೈಟಲ್ ಹಾಕಿದ. ‘ಮೈ ಲೂನಿ ಬನ್ ಈಸ್ ಫೈನ್, ಬೆನ್ನಿ ಲಾವಾ!’ ನಿಲಾವೋ ಹೋಗಿ ಬೆನ್ನಿ ಲಾವಾ ಎಂಬ ಮನುಷ್ಯನಾಯಿತು, ಇಲ್ಲೂ ಒಂದು ಹೆಸರೇ. ಪ್ರಭುದೇವರನ್ನೂ ಎಷ್ಟೋ ಜನ ಆ ಹೆಸರಿನಿಂದಲೇ ಗುರುತಿಸಿದರು. ಒಂದು ಭಾಷೆಯವರ ಹಾಡನ್ನು ಹೀಗೆ ನಗೆಪಾಟಲು ಮಾಡಬಹುದೇ ಎಂಬ ಅಸಮಾಧಾನ ನ್ಯಾಯವಾದದ್ದೇ; ತಮಿಳು ಬಲ್ಲವರಿಗೆ ಅದೊಂದು ಪ್ರೇಮಗೀತೆ. ಆದರೆ ನಮ್ಮ ವಿಷಯಕ್ಕೆ ಆ ವಿಡಿಯೊ ಒಳ್ಳೆಯ ಪಾಠ. ಸಬ್‌ಟೈಟಲ್ ಮುಚ್ಚಿ ಕೇಳಿದರೆ, ಬಾನು ಎಂದರೇನೆಂದು ಬಲ್ಲ ಕನ್ನಡಿಗರಿಗೆ ‘ವಾನಿಲ್’ ಅರ್ಧ ಅರ್ಥವೇ ಆಗುತ್ತದೆ. ಸಬ್‌ಟೈಟಲ್ ಓದುತ್ತಾ ಕೇಳಿದರೆ ಇಂಗ್ಲಿಷೇ ಕೇಳಿಸತೊಡಗುತ್ತದೆ. ಕಣ್ಣು ಓದಿದ್ದನ್ನು ಕಿವಿ ಕೇಳುತ್ತದೆ.

ಜಪಾನಿನಲ್ಲಿ ಈ ಆಟಕ್ಕೆ ‘ಸೊರಾಮಿಮಿ’ ಎನ್ನುತ್ತಾರೆ. ‘ತಮೋರಿ ಕ್ಲಬ್’ ಎಂಬ ಟಿ.ವಿ. ಕಾರ್ಯಕ್ರಮದಲ್ಲಿ 1992ರಿಂದ ಇದಕ್ಕೇ ಒಂದು ವಿಭಾಗವಿತ್ತು. ಹೊರದೇಶದ ಹಾಡಿನಲ್ಲಿ ಜಪಾನ್ ಭಾಷೆ ಕೇಳಿಸಿದ ಸಾಲನ್ನು ಪ್ರೇಕ್ಷಕರು ಬರೆದು ಕಳಿಸಬೇಕು, ಅದಕ್ಕೆ ತಕ್ಕ ಪುಟ್ಟ ದೃಶ್ಯವನ್ನು ಕಾರ್ಯಕ್ರಮದವರು ಚಿತ್ರೀಕರಿಸಿ ತೋರಿಸುತ್ತಿದ್ದರು. ಬಹುಮಾನಗಳಲ್ಲಿ ಒಂದು ಕಿವಿ ಗುಗ್ಗೆ ತೆಗೆಯುವ ಕಡ್ಡಿ.

ಮೊದಲೇ ಮನಸ್ಸಿನಲ್ಲಿ ಕೂತ ಮಾತು ಎಷ್ಟು ದೂರ ಎಳೆದುಕೊಂಡು ಹೋಗಬಲ್ಲದು ಎಂಬುದಕ್ಕೆ ‘ಲೂಯಿ ಲೂಯಿ’ ಹಾಡಿನ ಪ್ರಕರಣವಿದೆ. ರಿಚರ್ಡ್ ಬೆರಿ ಬರೆದ ಈ ಹಾಡಿನಲ್ಲಿ ನಾವಿಕನೊಬ್ಬ ಊರಲ್ಲಿ ಬಿಟ್ಟುಬಂದ ಹುಡುಗಿಯನ್ನು ನೆನೆದು ಹಂಬಲಿಸುತ್ತಾನೆ, ಅಷ್ಟೇ. 1963ರಲ್ಲಿ ಕಿಂಗ್ಸ್‌ಮೆನ್ ತಂಡ ಇದನ್ನು ಪೋರ್ಟ್‌ಲ್ಯಾಂಡಿನಲ್ಲಿ ಧ್ವನಿಮುದ್ರಿಸಿತು. ಮೈಕು ತೀರಾ ಮೇಲೆ ತೂಗುಬಿದ್ದಿತ್ತು, ಗಾಯಕ ಜ್ಯಾಕ್ ಎಲಿ ಕತ್ತೆತ್ತಿ ಕೂಗಬೇಕಾಯಿತು. ಒಂದು ಪದವೂ ನೆಟ್ಟಗೆ ಕೇಳುವುದಿಲ್ಲ. ಇದರಲ್ಲಿ ಅಶ್ಲೀಲ ಮಾತುಗಳಿವೆ ಎಂಬ ಸುದ್ದಿ ಹಬ್ಬಿತು, ಹುಡುಗರ ಕೈಯಿಂದ ಕೈಗೆ ಕೊಳಕು ಸಾಹಿತ್ಯದ ಚೀಟಿಗಳು ಹರಿದಾಡಿದವು. ಚೀಟಿ ಓದಿ ಹಾಡು ಕೇಳಿದವರಿಗೆಲ್ಲ ಚೀಟಿಯಲ್ಲಿದ್ದದ್ದೇ ಕೇಳಿಸಿತು. ಇಂಡಿಯಾನಾ ರಾಜ್ಯದ ಗವರ್ನರ್ ಹಾಡಿನ ವಿರುದ್ಧ ನಿಂತರು, ಪೋಷಕರೊಬ್ಬರು ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ದೂರು ಬರೆದರು. 1964ರಲ್ಲಿ ಎಫ್‌ಬಿಐ ತನಿಖೆಗೆ ಇಳಿಯಿತು. ಪ್ರಯೋಗಾಲಯದಲ್ಲಿ ರೆಕಾರ್ಡನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ತಿರುಗಿಸಿ ಕೇಳಿದರು. ಯಾವ ವೇಗದಲ್ಲೂ ಏನೂ ತಿಳಿಯುತ್ತಿಲ್ಲ ಎಂಬ ತೀರ್ಮಾನಕ್ಕೆ ಕೊನೆಗೂ ಬಂದರು. ಆ ತನಿಖೆಯ ಕಡತ ಈಗ ಯಾರು ಬೇಕಾದರೂ ಓದಬಹುದು.

ನಮ್ಮ ಪರಂಪರೆಯಲ್ಲಿ ತಪ್ಪು ಕೇಳಿಕೆಯಿಂದ ಒಂದು ವ್ಯಾಕರಣವೇ ಹುಟ್ಟಿದ ಕಥೆಯಿದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಅದು ಬರುತ್ತದೆ. ಸಾತವಾಹನ ರಾಜ ರಾಣಿಯರ ಜೊತೆ ಕೊಳದಲ್ಲಿ ಆಡುತ್ತಿದ್ದಾನೆ. ನೀರೆರಚಾಟದಿಂದ ದಣಿದ ಒಬ್ಬ ರಾಣಿ ‘ಮೋದಕೈಃ’ ಹೊಡೆಯಿರಿ ಎನ್ನುತ್ತಾಳೆ. ‘ಮಾ ಉದಕೈಃ’, ಅಂದರೆ ನೀರಿನಿಂದ ಬೇಡ ಎಂಬುದು ಆಕೆಯ ಮಾತು. ಮಾ, ಉದಕ ಕೂಡಿದರೆ ಗುಣಸಂಧಿಯಾಗಿ ‘ಮೋದಕ’. ಸಂಧಿ ತಿಳಿಯದ ರಾಜ ರಾಶಿ ರಾಶಿ ಮೋದಕ ತರಿಸಿದ. ನೀರಿನ ನಡುವೆ ಮೋದಕಕ್ಕೇನು ಕೆಲಸ ಎಂದು ರಾಣಿ ನಕ್ಕಳು, ಪರಿವಾರವೂ ನಕ್ಕಿತು. ಅವಮಾನದಿಂದ ರಾಜ ಊಟ, ಮಾತು ಬಿಟ್ಟು ಮಲಗಿಬಿಟ್ಟ. ಅವನ ಆಸ್ಥಾನದ ಪಂಡಿತರಲ್ಲಿ, ಆರು ವರ್ಷದಲ್ಲಿ ಸಂಸ್ಕೃತ ವ್ಯಾಕರಣ ಕಲಿಸುತ್ತೇನೆ ಎಂದು ಗುಣಾಢ್ಯನೂ, ಆರೇ ತಿಂಗಳು ಸಾಕು ಎಂದು ಶರ್ವವರ್ಮನೂ ಪಂಥ ಕಟ್ಟಿದರು. ಶರ್ವವರ್ಮ ಗೆದ್ದ, ಕಾತಂತ್ರ ವ್ಯಾಕರಣ ಬಂತು. ಸೋತ ಗುಣಾಢ್ಯ ಸಂಸ್ಕೃತ, ಪ್ರಾಕೃತಗಳನ್ನು ತೊರೆದು ಪೈಶಾಚಿ ಎಂಬ ಭಾಷೆಯಲ್ಲಿ ಬೃಹತ್ಕಥೆ ಬರೆದ ಎನ್ನುತ್ತದೆ ಕಥೆ.

ಪದ ಒಡೆಯುವ ಜಾಗ ಬದಲಿಸಿ ಎರಡು ಅರ್ಥ ಹೊರಡಿಸುವುದನ್ನು ಆಲಂಕಾರಿಕರು ಸಭಂಗ ಶ್ಲೇಷ ಎಂದು ಕರೆದರು. ಪಂಡಿತರ ಕಾವ್ಯದಲ್ಲಿ ಅದು ಎಷ್ಟೋ ಸಲ ಕಸರತ್ತಾಗಿ ಬಿಡುತ್ತದೆ. ಪುರಂದರದಾಸರು ಅದನ್ನು ಬೀದಿಗೆ ತಂದರು.

ರಾಗಿ ತಂದೀರಾ ಭಿಕ್ಷಕೆ ರಾಗಿ ತಂದೀರಾ
ಯೋಗ್ಯರಾಗಿ ಭೋಗ್ಯರಾಗಿ
ಭಾಗ್ಯವಂತರಾಗಿ ನೀವು

ಪಲ್ಲವಿಯಲ್ಲಿ ರಾಗಿ ಎಂದರೆ ಧಾನ್ಯವೇ. ಬಾಗಿಲಿಗೆ ಬಂದ ಗೋಪಾಳದವರು ಕೇಳುವುದು ಅದನ್ನೇ. ಕೇಳುವವರ ಕಿವಿಯಲ್ಲಿ ಆ ಪದ ಗಟ್ಟಿಯಾದ ಮೇಲೆ ‘ಯೋಗ್ಯರಾಗಿ’ ಬರುತ್ತದೆ. ಅದು ಯೋಗ್ಯವಾದ ರಾಗಿಯೂ ಹೌದು, ನೀವು ಯೋಗ್ಯರಾಗಿ ಎಂಬ ಹಾರೈಕೆಯೂ ಹೌದು. ದಾಸರು ಇದನ್ನು ತಾಳದ ಕೈಲಿ ಮಾಡಿಸಿದ ರೀತಿ ನೋಡಬೇಕು. ಮೂರು ಮೂರು ಮಾತ್ರೆಗೆ ಪ್ರಸ್ತಾರ ಹಾಕಿದರೆ ‘ಯೋಗ್ಯ | ರಾಗಿ | ಭೋಗ್ಯ | ರಾಗಿ | ಭಾಗ್ಯ | ವಂತ | ರಾಗಿ | ನೀವು’. ಪ್ರತಿ ಸಲವೂ ಗೆರೆ ಬೀಳುವುದು ‘ರಾಗಿ’ಯ ಮುಂದೆಯೇ. ಚರಣಗಳಲ್ಲಿ ‘ಅನ್ನದಾನವ ಮಾಡುವರಾಗಿ, ಅನ್ನಛತ್ರವನಿಟ್ಟವರಾಗಿ’ ಎಂದು ಆ ಪದ ಮತ್ತೆ ಮತ್ತೆ ಬರುತ್ತದೆ. ಧಾನ್ಯವೆಂದು ಕೇಳಿಸಿಕೊಂಡವರು ಮೊರದಲ್ಲಿ ರಾಗಿ ತಂದು ಸುರಿಯಬಹುದು, ಹಾರೈಕೆ ಕೇಳಿಸಿಕೊಂಡವರು ಅನ್ನಛತ್ರವನ್ನೇ ತೆರೆಯಬಹುದು. ಈ ಹಾಡಿನಲ್ಲಿ ತಪ್ಪಾಗಿ ಕೇಳಿಸಿಕೊಂಡವರು ಯಾರೂ ಇಲ್ಲ.